ತಾನೇ ನುಡಿಯುವ ಪಿಯಾನೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಯಾರೂ ಮುಟ್ಟದೆ ಕೀಗಳು ತಾವಾಗಿ ಇಳಿದೇಳುವ, ನೀವು ನುಡಿಸಿದ್ದನ್ನು ನೆನಪಿಟ್ಟು ಮತ್ತೆ ನುಡಿದು ತೋರಿಸುವ ಪಿಯಾನೊಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯ ಪುಟಗಳು ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಹೋಟೆಲೊಂದರ ಲಾಬಿಯಲ್ಲಿ ಯಾರೂ ಕೂರದೆ ಪಿಯಾನೊ ನುಡಿಯುತ್ತಿತ್ತು. ಶಬ್ದ ಬರುವುದು ಒಳಗೆ ಅಡಗಿಸಿಟ್ಟ ಸ್ಪೀಕರ್‌ನಿಂದಲೇ? (ತುಮಕೂರು)

ಅದು ಅಕೂಸ್ಟಿಕ್ ಪಿಯಾನೊ ಆಗಿದ್ದರೆ ಅಲ್ಲ. ಹ್ಯಾಮರ್ ಎಂಬ ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆ ತಂತಿಗೆ ಬಡಿದೇ ನಾದ ಹುಟ್ಟುತ್ತದೆ. ಯಂತ್ರದ ಕೆಲಸ ಕೀಯನ್ನು ಎತ್ತಿ ಇಳಿಸುವುದಷ್ಟೆ. ಹಾಡಿನ ದನಿಯೋ ವಾದ್ಯವೃಂದವೋ ಜೊತೆಗಿದ್ದರೆ ಅದು ಮಾತ್ರ ಸ್ಪೀಕರ್‌ನಿಂದ ಬರುತ್ತದೆ. ಗ್ರ್ಯಾಂಡ್ ಪಿಯಾನೊದ ಆಕಾರದ ಪೆಟ್ಟಿಗೆಯೊಳಗೆ ಡಿಜಿಟಲ್ ಯಂತ್ರ ಕೂರಿಸಿ, ಕೀಗಳು ಮಾತ್ರ ಅಲುಗುವಂತೆ ಮಾಡಿದ ವಾದ್ಯಗಳೂ ಇವೆ. ಮುಚ್ಚಳ ಎತ್ತಿ ನೋಡಿದರೆ ಗೊತ್ತಾಗುತ್ತದೆ: ತಂತಿ, ಎರಕದ ಕಬ್ಬಿಣದ ಚೌಕಟ್ಟು, ಒಂದೊಂದು ಸ್ವರಕ್ಕೂ ಮೇಲೇಳುವ ಹ್ಯಾಮರ್ ಇರಬೇಕು.

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕೀ ಒತ್ತುವುದು ಸೊಲೆನಾಯ್ಡ್ ಎಂದು ಓದಿದೆ. ಸೊಲೆನಾಯ್ಡ್ ಬಹಳ ಹಳೆಯ ಸಾಮಾನು. ಹಾಗಾದರೆ ಈಚಿನ ಪಿಯಾನೊಗಳಲ್ಲಿ ನಿಜವಾಗಿ ಸುಧಾರಿಸಿದ್ದೇನು? (ಧಾರವಾಡ)

ಸೊಲೆನಾಯ್ಡ್ ಎಂದರೆ ವಿದ್ಯುತ್ ಹರಿದಾಗ ಒಳಗಿನ ಕಬ್ಬಿಣದ ಕಡ್ಡಿಯನ್ನು ಸೆಳೆಯುವ ತಂತಿಯ ಸುರುಳಿ. ಅದು ಮೆಲ್ಲಗೆ ಒತ್ತುವ ಹದ ಸುಧಾರಿಸಿದೆ. ಜೋರಾಗಿ ಬಡಿಯುವುದು ಈ ಯಂತ್ರಗಳಿಗೆ ಎಂದೂ ಕಷ್ಟವಾಗಿರಲಿಲ್ಲ.

ಪಿಯಾನೊದ ಕೀ ಮುಂತುದಿಯಲ್ಲಿ ಸುಮಾರು 10 ಮಿಲಿಮೀಟರ್ ಇಳಿಯುತ್ತದೆ. ಅಷ್ಟರಲ್ಲಿ ಹ್ಯಾಮರ್ 45 ಮಿಲಿಮೀಟರಿನಷ್ಟು ಏರಬೇಕು. ತಂತಿಗೆ ಇನ್ನು ಒಂದೆರಡು ಮಿಲಿಮೀಟರ್ ಇದೆ ಎನ್ನುವಾಗ ಕೆಳಗಿನ ಸನ್ನೆಕೋಲು ಜಾರಿಕೊಂಡು ಹ್ಯಾಮರನ್ನು ಬಿಟ್ಟುಬಿಡುತ್ತದೆ. ಉಳಿದ ದೂರವನ್ನು ಅದು ಎಸೆದ ಕಲ್ಲಿನಂತೆ ತಾನೇ ಹಾರಿ ಮುಟ್ಟಬೇಕು. ವೇಗ ಕೊಂಚ ಸಾಲದಿದ್ದರೂ ತಂತಿ ತಾಕದೆ ಹಿಂದಕ್ಕೆ ಬೀಳುತ್ತದೆ; ಕೀ ಇಳಿದದ್ದು ಕಾಣುತ್ತದೆ, ಸ್ವರ ಕೇಳುವುದಿಲ್ಲ. ಮಂದ್ರದ ಹ್ಯಾಮರ್ ಭಾರ, ತಾರದ್ದು ಹಗುರ. ಒಂದು ಕೀಯೊಳಗಿನ ಬಟ್ಟೆ ಬಿಗಿ, ಇನ್ನೊಂದರದ್ದು ಸಡಿಲ. ಹೀಗಾಗಿ ಸ್ವರ ಹುಟ್ಟುವ ಕನಿಷ್ಠ ವೇಗಕ್ಕೆ ಬೇಕಾದ ಒತ್ತಡ 88 ಕೀಗಳಲ್ಲೂ ಬೇರೆ ಬೇರೆ.

ಇದರ ಮೇಲೆ ಸೊಲೆನಾಯ್ಡ್‌ನ ಸ್ವಭಾವ ಸೇರಿಕೊಳ್ಳುತ್ತದೆ. ಸುರುಳಿಯೊಳಗೆ ಕಬ್ಬಿಣದ ಕಡ್ಡಿ ಎಲ್ಲಿದೆ ಎಂಬುದರ ಮೇಲೆ ಅದರ ಸೆಳೆತ ಬದಲಾಗುತ್ತದೆ. ಅರ್ಧ ಗಂಟೆ ನುಡಿದು ತಾಮ್ರದ ತಂತಿ ಬಿಸಿಯಾದರೆ ರೋಧ ಏರಿ, ಅದೇ ವೋಲ್ಟೇಜ್‌ಗೆ ಹರಿಯುವ ವಿದ್ಯುತ್ ಇಳಿಯುತ್ತದೆ. ಅಂದರೆ ಬೆಳಿಗ್ಗೆ ಸರಿಯಾಗಿ ನುಡಿದ ಮೆಲುಸ್ವರ, ಎರಡು ಜೋರಾದ ಕೃತಿಗಳ ನಂತರ ಕೈಕೊಡಬಹುದು.

ಹಳೆಯವರು ಇದಕ್ಕೆ ಕಂಡುಕೊಂಡ ದಾರಿ ಬೇರೆ. ಜರ್ಮನಿಯ ಫ್ರೈಬುರ್ಗ್‌ನ ವೆಲ್ಟೆ ಸಂಸ್ಥೆ 1904ರಲ್ಲಿ ಹೊರತಂದ ವೆಲ್ಟೆ-ಮಿನ್ಯೋನ್ ಗಾಳಿಯ ಸೆಳೆತದಿಂದ ನಡೆಯುತ್ತಿತ್ತು. ಕಾಗದದ ಸುರುಳಿಯ ತೂತುಗಳು ಸ್ವರವನ್ನೂ ಬಲವನ್ನೂ ಹೇಳುತ್ತಿದ್ದವು. ಆದರೆ ಬಲವನ್ನು ಪ್ರತಿ ಕೀಗೂ ಬೇರೆಯಾಗಿ ಹೇಳಲು ಆಗುತ್ತಿರಲಿಲ್ಲ. ಮಂದ್ರದ ಪಾಲಿಗೊಂದು, ತಾರದ ಪಾಲಿಗೊಂದು ಒತ್ತಡ, ಅಷ್ಟೆ. 1978ರಲ್ಲಿ ಅಮೆರಿಕದಲ್ಲಿ ಬಂದ ಪಿಯಾನೊಕಾರ್ಡರ್ ಕಾಗದ ಬಿಟ್ಟು ಕ್ಯಾಸೆಟ್ ಹಿಡಿಯಿತು, ಗಾಳಿ ಬಿಟ್ಟು ಸೊಲೆನಾಯ್ಡ್ ಹಿಡಿಯಿತು. ಯಮಾಹಾ 1982ರಲ್ಲಿ ಜಪಾನಿನಲ್ಲಿ ತನ್ನ ಯಂತ್ರ ತಂದು, 1987ರಲ್ಲಿ ಡಿಸ್ಕ್‌ಲವಿಯರ್ ಹೆಸರಿನಲ್ಲಿ ಅಮೆರಿಕಕ್ಕೆ ಕಳಿಸಿತು. ಅದೇ ದಶಕದಲ್ಲಿ ವೇಯ್ನ್ ಸ್ಟಾಂಕಿ ಎಂಬ ಎಂಜಿನಿಯರ್ ಬೋಸೆಂಡೋರ್ಫರ್ ಪಿಯಾನೊಗೆ ಎಸ್‌ಇ ಎಂಬ ವ್ಯವಸ್ಥೆ ಕಟ್ಟಿದರು. ಮುಂದೆ ಅವರದೇ ಕೆಲಸ 2015ರಲ್ಲಿ ಸ್ಟೈನ್‌ವೇ ತಂದ, ತಾನೇ ನುಡಿಯುವ ಸ್ಪಿರಿಯೊ ಪಿಯಾನೊಗೆ ತಳಹದಿಯಾಯಿತು.

ಇಂದಿನ ಯಂತ್ರದಲ್ಲಿ ಮೂರು ಸಂಗತಿ ಕೂಡಿವೆ. ಸುರುಳಿಗೆ ಹೋಗುವ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ, ಎಷ್ಟು ಹೊತ್ತು ಹರಿಸಬೇಕು ಎಷ್ಟು ಹೊತ್ತು ನಿಲ್ಲಿಸಬೇಕು ಎಂಬ ಪ್ರಮಾಣದಿಂದ ಬಲ ತೂಗುತ್ತಾರೆ. ಕೀ ಇಳಿದ ಮೇಲೆ ಹಿಡಿದಿಡಲು ಸ್ವಲ್ಪವೇ ವಿದ್ಯುತ್ ಸಾಕು. ಅದನ್ನು ತಗ್ಗಿಸಿದ್ದರಿಂದ ಸುರುಳಿ ಕಾಯುವುದೂ ಗುಂಯ್ ಎನ್ನುವುದೂ ಕಡಿಮೆಯಾಯಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮೇಲ್ದರ್ಜೆಯ ಮಾದರಿಗಳಲ್ಲಿ ಕೀ ಚಲಿಸುತ್ತಿರುವಾಗಲೇ ಸೆನ್ಸರ್ ಅದನ್ನು ನೋಡುತ್ತಿರುತ್ತದೆ. ಇರಬೇಕಾದ ಕಡೆ ಕೀ ಇಲ್ಲದಿದ್ದರೆ ಆ ಕ್ಷಣವೇ ಬಲ ಹೆಚ್ಚು-ಕಡಿಮೆ ಮಾಡುತ್ತದೆ. ಸುರುಳಿ ಬಿಸಿಯಾದರೂ ಕೀ ಬಿಗಿಯಾದರೂ ಒಂದು ಮಿತಿಯವರೆಗೆ ಇದೇ ಸರಿದೂಗಿಸುತ್ತದೆ.

ಧ್ವನಿಮುದ್ರಣದ ಕಡೆಯೂ ಇಂಥದ್ದೇ ಬದಲಾವಣೆ. ಕೀ ಕೆಳಗೆ ಎರಡು ಹಂತದ ಸ್ವಿಚ್ ಇಟ್ಟು, ಮೊದಲನೆಯದು ಮುಟ್ಟಿದ ಮತ್ತು ಎರಡನೆಯದು ಮುಟ್ಟಿದ ನಡುವಿನ ಸಮಯ ಅಳೆದರೆ ವೇಗ ಸಿಗುತ್ತದೆ. ಆದರೆ ಅದು ಕೀಯ ವೇಗ. ತಂತಿಗೆ ಬೇಕಾದದ್ದು ಹ್ಯಾಮರಿನ ವೇಗ. ಅರ್ಧಕ್ಕೆ ಬಿಟ್ಟು ಮತ್ತೆ ಒತ್ತಿದ ಕೀ, ಸರಸರನೆ ಪುನರಾವರ್ತಿಸಿದ ಸ್ವರ, ಇವುಗಳಲ್ಲಿ ಕೀಯ ವೇಗಕ್ಕೂ ಹ್ಯಾಮರಿನ ವೇಗಕ್ಕೂ ತಾಳೆಯಾಗುವುದಿಲ್ಲ. ಅದಕ್ಕೇ ಉತ್ತಮ ಮಾದರಿಗಳಲ್ಲಿ ಹ್ಯಾಮರಿನ ಕಾಂಡದ ಬಳಿ ಬೆಳಕಿನ ಸೆನ್ಸರ್ ಇಟ್ಟು, ತಂತಿ ಮುಟ್ಟುವ ಮುನ್ನದ ವೇಗ ಹಿಡಿಯುತ್ತಾರೆ. ಕೀಗೂ ಬೆಳಕಿನ ಸೆನ್ಸರೇ. ಯಾವುದೂ ಯಾವುದಕ್ಕೂ ತಾಕುವುದಿಲ್ಲ, ಆದ್ದರಿಂದ ಕೈಗೆ ಪಿಯಾನೊದ ತೂಕ ಬದಲಾದಂತೆ ಅನಿಸುವುದಿಲ್ಲ.

ಅಳತೆಗಳು: ವಾದ್ಯಗಳೂ ಕಂಪ್ಯೂಟರುಗಳೂ ಸ್ವರಗಳನ್ನು ಅಂಕಿಗಳಲ್ಲಿ ಹೇಳಿಕೊಳ್ಳುವ 1983ರ ಮಿಡಿ ಪದ್ಧತಿಯಲ್ಲಿ ಸ್ವರದ ಬಲಕ್ಕೆ 127 ಮೆಟ್ಟಿಲು. ಡಿಸ್ಕ್‌ಲವಿಯರ್ ಪ್ರೊ ಮಾದರಿಗಳು 1024 ಮೆಟ್ಟಿಲು, ನಾದವನ್ನು ಉಳಿಸುವ ಪೆಡಲಿಗೆ 256 ಸ್ಥಾನ ಎನ್ನುತ್ತವೆ. ಸ್ಪಿರಿಯೊ ಸೆಕೆಂಡಿಗೆ 800 ಸಲದವರೆಗೆ ಅಳೆದು 1020 ಮೆಟ್ಟಿಲು, ಪೆಡಲಿಗೆ ಅಷ್ಟೇ 256 ಎನ್ನುತ್ತದೆ. ಸಾವಿರದ ಆಸುಪಾಸಿನಲ್ಲಿ ನಾಲ್ಕು ಮೆಟ್ಟಿಲು ಹೆಚ್ಚೋ ಕಡಿಮೆಯೋ ಎಂದು ಜಗಳವಾಡುವುದು ವ್ಯರ್ಥ. ಪಿಯಾನೊದ ಹದ ಕೆಟ್ಟಿದ್ದರೆ ಕೆಳಗಿನ ನೂರು ಮೆಟ್ಟಿಲು ಹೇಗೂ ಕೇಳಿಸುವುದಿಲ್ಲ. ಪೆಡಲಿನ ನಡುವಣ ಸ್ಥಾನಗಳು ಮಾತ್ರ ಯಾರ ಕಿವಿಗೂ ಗೊತ್ತಾಗುವಂಥವು. ಪೆಡಲ್ ಅರ್ಧ ಮಾತ್ರ ಒತ್ತಿ ನಾದವನ್ನು ತೆಳುವಾಗಿ ಉಳಿಸಿಕೊಳ್ಳುವ ವಾದಕರ ಕೃತಿಯನ್ನು, ಪೂರಾ ಒತ್ತು ಅಥವಾ ಪೂರಾ ಬಿಡು ಎಂಬ ಎರಡೇ ಮಾತು ಬಲ್ಲ ಯಂತ್ರದಲ್ಲಿ ಕೇಳಿದರೆ ಎಲ್ಲ ಕಲಸಿ ಹೋಗಿರುತ್ತದೆ.

ನೀವು ಎಂಜಿನಿಯರಿಂಗ್ ಓದುತ್ತಿರುವುದರಿಂದ ಇನ್ನೊಂದು: ಅಮೆರಿಕದ ಅಂತರರಾಷ್ಟ್ರೀಯ ಪಿಯಾನೊ-ಇ-ಸ್ಪರ್ಧೆಯಲ್ಲಿ ಡಿಸ್ಕ್‌ಲವಿಯರ್ ಮೇಲೆ ನುಡಿಸಿದ್ದರ ಧ್ವನಿ ಮತ್ತು ಮಿಡಿ ಎರಡನ್ನೂ ಸುಮಾರು 3 ಮಿಲಿಸೆಕೆಂಡ್ ನಿಖರತೆಯಲ್ಲಿ ಜೋಡಿಸಿದ, ಸುಮಾರು 200 ಗಂಟೆಗಳ ಮಾಯೆಸ್ಟ್ರೊ ಎಂಬ ದತ್ತಸಂಗ್ರಹವನ್ನು ಗೂಗಲ್‌ನ ಮಜೆಂಟಾ ತಂಡ ಮುಕ್ತವಾಗಿ ಕೊಟ್ಟಿದೆ. ಪ್ರಾಜೆಕ್ಟ್‌ಗೆ ಪಿಯಾನೊ ಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಡಿಸ್ಕ್‌ಲವಿಯರ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಮಿಡಿ ಕಳಿಸಿದರೆ ಅರ್ಧ ಸೆಕೆಂಡ್ ತಡವಾಗಿ ನುಡಿಯುತ್ತದೆ. ಕೇಬಲ್ ದೋಷವೇ? (ಬೆಂಗಳೂರು)

ದೋಷವಲ್ಲ, ಬೇಕೆಂದೇ ಇಟ್ಟದ್ದು. ಜೋರಾಗಿ ಒತ್ತಿದ ಕೀಯ ಹ್ಯಾಮರ್ 25–30 ಮಿಲಿಸೆಕೆಂಡಿನಲ್ಲಿ ತಂತಿ ಮುಟ್ಟಿದರೆ, ಬಲು ಮೆಲ್ಲಗೆ ಒತ್ತಿದ್ದು 150ಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಸಂದೇಶ ಬಂದ ಕೂಡಲೇ ಒತ್ತಿದರೆ ಒಟ್ಟಿಗೆ ಕೇಳಬೇಕಾದ ಸ್ವರಗಳ ಮೇಳದಲ್ಲಿ (ಕಾರ್ಡ್) ಜೋರು ಸ್ವರ ಮುಂದೆ, ಮೆಲು ಸ್ವರ ಹಿಂದೆ ಬಿದ್ದು ತಾಳ ಕುಂಟುತ್ತದೆ. ಅದಕ್ಕೆ ಯಂತ್ರ ಎಲ್ಲವನ್ನೂ 500 ಮಿಲಿಸೆಕೆಂಡ್ ತಡೆದಿಟ್ಟು, ಮೆಲು ಸ್ವರದ ಕೀಯನ್ನು ಮೊದಲೇ ಹೊರಡಿಸಿ, ಎಲ್ಲ ಹ್ಯಾಮರುಗಳೂ ಒಟ್ಟಿಗೆ ತಲುಪುವಂತೆ ಮಾಡುತ್ತದೆ.

ಮಿಡಿ ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ಈ ವಿಳಂಬವನ್ನು ತೆಗೆಯಬಹುದು. ಬೇರೆ ಕೀಬೋರ್ಡಿನಿಂದ ನೇರವಾಗಿ ನುಡಿಸುವಾಗ ತೆಗೆಯಿರಿ, ತಾಳದ ಚೂರು ಏರುಪೇರು ಸಹಿಸಿಕೊಳ್ಳಿ. ಮೊದಲೇ ಸಿದ್ಧವಾದ ಕಡತ ನುಡಿಸುವಾಗ ವಿಳಂಬ ಇರಲಿ. ಲ್ಯಾಪ್‌ಟಾಪ್‌ನಿಂದ ಬರುವ ಉಳಿದ ವಾದ್ಯಗಳನ್ನೇ ಸಾಫ್ಟ್‌ವೇರಿನಲ್ಲಿ 500 ಮಿಲಿಸೆಕೆಂಡ್ ಹಿಂದಕ್ಕೆ ಸರಿಸಿದರೆ ಎಲ್ಲ ಕೂಡಿಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಹಳೆಯ ಬೇಬಿ ಗ್ರ್ಯಾಂಡ್ ಇದೆ. ಅದಕ್ಕೇ ಈ ಯಂತ್ರ ಕೂರಿಸಬಹುದೇ? ಏನೇನು ನೋಡಿಕೊಳ್ಳಬೇಕು? (ಬೆಂಗಳೂರು)

ಕೂರಿಸಬಹುದು. ಕ್ಯೂಆರ್‌ಎಸ್, ಪಿಯಾನೊಡಿಸ್ಕ್ ಮುಂತಾದ ಕಿಟ್‌ಗಳು ಇರುವುದೇ ಇದಕ್ಕೆ. ಆದರೆ ಮೊದಲು ಪಿಯಾನೊ ಯೋಗ್ಯವೇ ನೋಡಿ. ಶ್ರುತಿಯ ಮೊಳೆಗಳು ಸಡಿಲವಾಗಿ ಶ್ರುತಿ ನಿಲ್ಲದಿದ್ದರೆ, ನಾದ ಹಿಗ್ಗಿಸುವ ಸೌಂಡ್‌ಬೋರ್ಡ್ ಹಲಗೆ ತನ್ನ ಪಕ್ಕೆಲುಬಿನ ಪಟ್ಟಿಗಳಿಂದ ಬಿಟ್ಟುಕೊಂಡು ಗರಗರ ಎನ್ನುತ್ತಿದ್ದರೆ, ಹ್ಯಾಮರಿನ ಫೆಲ್ಟ್‌ನಲ್ಲಿ ತಂತಿ ಆಳವಾಗಿ ಕೊರೆದಿದ್ದರೆ, ಆ ರಿಪೇರಿಗೇ ಹಣ ಹೋಗಲಿ. ಕೆಟ್ಟ ಪಿಯಾನೊ ತಾನೇ ನುಡಿಯತೊಡಗಿದರೆ ಅದರ ಕೇಡು ದಿನವಿಡೀ ಕೇಳಿಸುತ್ತದೆ.

ಕೆಲಸದ ಕ್ರಮ ಹೀಗೆ. ಕೀ ಮತ್ತು ಹ್ಯಾಮರುಗಳ ಇಡೀ ಜೋಡಣೆಯನ್ನು ಮುಂದಕ್ಕೆ ಎಳೆದು ಹೊರತೆಗೆಯುತ್ತಾರೆ. ಕೀಗಳು ಕೂರುವ ದಪ್ಪ ಹಲಗೆಯಲ್ಲಿ, ಕೀಗಳ ಹಿಂಬಾಲದ ಕೆಳಗೆ ಬರುವಂತೆ, ಎಡದಿಂದ ಬಲಕ್ಕೆ ಉದ್ದನೆಯ ಸೀಳು ಕೊರೆಯುತ್ತಾರೆ. ಅದರೊಳಗೆ 88 ಸೊಲೆನಾಯ್ಡ್‌ಗಳ ಪಟ್ಟಿ ಕೆಳಗಿನಿಂದ ಕೂರುತ್ತದೆ. ಪ್ರತಿಯೊಂದರ ಕಡ್ಡಿಯೂ ಮೇಲೆದ್ದು ಕೀಯ ಬಾಲವನ್ನು ಎತ್ತುತ್ತದೆ, ಮುಂತುದಿ ತಾನಾಗಿ ಇಳಿಯುತ್ತದೆ. ಪೆಡಲಿನ ಸನ್ನೆಕೋಲುಗಳು ಅಡ್ಡ ಬಂದರೆ ಅವನ್ನು ಸರಿಸಬೇಕು. ಪೆಡಲಿಗೆ ಬೇರೆಯೇ ದೊಡ್ಡ ಸೊಲೆನಾಯ್ಡ್. ಧ್ವನಿಮುದ್ರಣವೂ ಬೇಕೆಂದರೆ ಕೀಗಳ ಕೆಳಗೆ ಸೆನ್ಸರ್ ಪಟ್ಟಿ ಹಾಕಿಸಬೇಕು. ಹಲವು ಕಿಟ್‌ಗಳಲ್ಲಿ ಅದಕ್ಕೆ ಬೇರೆ ಬೆಲೆ, ಆರಂಭದಲ್ಲೇ ಕೇಳಿ.

ತಪ್ಪಾಗುವುದು ಹೆಚ್ಚಾಗಿ ಈ ಸೀಳಿನಲ್ಲೇ. ಒಮ್ಮೆ ಕೊರೆದರೆ ವಾಪಸ್ಸಿಲ್ಲ. ಅಗಲ ಜಾಸ್ತಿಯಾದರೆ ಹಲಗೆಯ ಬಿಗಿ ಕುಗ್ಗಿ ಕೀಗಳ ಮಟ್ಟ ಏರುಪೇರಾಗುತ್ತದೆ. ಕಡ್ಡಿಯ ತುದಿ ವಿಶ್ರಾಂತಿಯಲ್ಲೇ ಕೀಯನ್ನು ಎತ್ತಿ ಹಿಡಿದಿದ್ದರೆ ಕೈಯಲ್ಲಿ ನುಡಿಸುವಾಗ ಕೀ ಹಗುರವೆನಿಸಿ ಪುನರಾವರ್ತನೆ ಕೆಡುತ್ತದೆ. ಅಂತರ ಹೆಚ್ಚಾದರೆ ಪ್ರತಿ ಸ್ವರಕ್ಕೂ ಟಕ್ ಎಂಬ ಬಡಿತ ಕೇಳುತ್ತದೆ. ಮೊದಲು ಕೀ-ಹ್ಯಾಮರುಗಳ ಹದ ಸರಿಪಡಿಸಿ, ಆಮೇಲೆ ಯಂತ್ರದ ಅಳವಡಿಕೆ, ಕೊನೆಗೆ ಒಂದೊಂದೇ ಸ್ವರಕ್ಕೆ ಎಷ್ಟು ಬಲ ಬೇಕೆಂದು ಅಳೆದು ಹೊಂದಿಸುವ ಮಾಪನ, ಈ ಅನುಕ್ರಮ ಬಿಡಬಾರದು. ಮಾಪನ ಮುಗಿದ ಮೇಲೆ ಹ್ಯಾಮರ್ ಹದ ಮಾಡಿದರೆ ಮಾಪನ ಮತ್ತೆ ಮಾಡಬೇಕು.

ಬಡಗಿ ಕೆಲಸ ಬಲ್ಲವರೆಲ್ಲ ಈ ಸೀಳು ಕೊರೆಯಲಾರರು. ಕಿಟ್ ಕಂಪನಿಯಲ್ಲಿ ತರಬೇತಿ ಪಡೆದ ಪಿಯಾನೊ ತಂತ್ರಜ್ಞರು ಸಿಗದಿದ್ದರೆ ಈ ಯೋಚನೆ ಕೈಬಿಡುವುದೇ ಲೇಸು.

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಪಿಯಾನೊ ತಾನೇ ನುಡಿಯುವಾಗ ಕೆಲವು ಸ್ವರಗಳನ್ನು ನುಂಗುತ್ತದೆ. ಅಪಾರ್ಟ್‌ಮೆಂಟ್ ಆದ್ದರಿಂದ ವಾಲ್ಯೂಮ್ ಕಡಿಮೆ ಇಡುತ್ತೇವೆ. (ಮಂಗಳೂರು)

ಕಾರಣ ಎರಡೂ ಇರಬಹುದು: ನಿಮ್ಮೂರಿನ ತೇವ, ನಿಮ್ಮ ವಾಲ್ಯೂಮ್. ಅಕೂಸ್ಟಿಕ್ ಪಿಯಾನೊದಲ್ಲಿ ವಾಲ್ಯೂಮ್ ತಗ್ಗಿಸುವುದೆಂದರೆ ಎಲ್ಲ ಹ್ಯಾಮರುಗಳನ್ನೂ ನಿಧಾನಗೊಳಿಸುವುದು. ಮೊದಲೇ ಮೆಲ್ಲಗಿದ್ದ ಸ್ವರಗಳು ತಂತಿ ತಲುಪುವ ವೇಗಕ್ಕಿಂತ ಕೆಳಗಿಳಿದು ಬಿದ್ದುಹೋಗುತ್ತವೆ. ಉಳಿದವುಗಳ ನಾದದ ಹೊಳಪೂ ಮಂಕಾಗುತ್ತದೆ.

ವಾಲ್ಯೂಮನ್ನು ಪೂರ್ಣ ಮಟ್ಟಕ್ಕೆ ಏರಿಸಿ ಅದೇ ಕೃತಿ ಕೇಳಿ. ಸ್ವರಗಳೆಲ್ಲ ಬಂದರೆ ಯಂತ್ರ ಕೆಟ್ಟಿಲ್ಲ. ಬರದಿದ್ದರೆ ಯಾವ ಕೀಗಳು ಎಂದು ಬರೆದಿಟ್ಟುಕೊಂಡು, ವಿದ್ಯುತ್ ಆರಿಸಿ, ಅವನ್ನು ಬೆರಳಿನಿಂದ ತೀರ ನಿಧಾನ ಒತ್ತಿ ಬಿಡಿ. ಮೇಲೇಳಲು ಸೋಮಾರಿತನ ಮಾಡಿದರೆ ಕೀಯೊಳಗಿನ ಬಟ್ಟೆಯೋ ಹ್ಯಾಮರಿನ ಕೀಲಿನ ಬಟ್ಟೆಯೋ ತೇವಕ್ಕೆ ಉಬ್ಬಿದೆ. ಕೀ ಸಲೀಸಾಗಿ ಎದ್ದರೆ ಸಂಶಯ ಸೊಲೆನಾಯ್ಡ್ ಕಡ್ಡಿಯ ಮೇಲೆ: ಧೂಳು, ತುಕ್ಕು. ಇದಕ್ಕೆ ಎಣ್ಣೆ ಸಿಂಪಡಿಸಬೇಡಿ. ಎಣ್ಣೆ ಧೂಳನ್ನು ಹಿಡಿದು ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ, ಹತ್ತಿರದ ಫೆಲ್ಟ್‌ಗೂ ಹತ್ತುತ್ತದೆ. ತಂತ್ರಜ್ಞರು ಕಡ್ಡಿ ತೆಗೆದು ಒಣಗಿಸಿ ಒರೆಸಲಿ.

ಕೋಣೆಗೆ ಒಂದು ತೇವಮಾಪಕ ತನ್ನಿ. ಪಿಯಾನೊ ಒಪ್ಪುವುದು ಶೇ 40ರಿಂದ 50ರ ಆಸುಪಾಸು. ಕರಾವಳಿಯ ಮಳೆಗಾಲದಲ್ಲಿ ಕಿಟಕಿ ತೆರೆದ ಕೋಣೆ ಶೇ 80 ದಾಟುತ್ತದೆ. ಡಿಹ್ಯೂಮಿಡಿಫೈಯರ್ ಇಟ್ಟು ಶೇ 55ರ ಕೆಳಗೆ ನಿಲ್ಲಿಸಿದರೂ ಸಾಕು. ಎಸಿಯನ್ನು ಹಗಲು ಹಾಕಿ ರಾತ್ರಿ ಆರಿಸುವುದಕ್ಕಿಂತ ಇದೇ ಮೇಲು, ಏಕೆಂದರೆ ಮರಕ್ಕೆ ದಿನದಿನದ ಏರಿಳಿತವೇ ಹೆಚ್ಚು ಕೇಡು. ಕೋಣೆ ಎರಡು ಮೂರು ವಾರ ಸ್ಥಿರವಾಗಿದ್ದ ಮೇಲೆ ಮಾಪನ ಮಾಡಿಸಿ.

ನೆರೆಯವರ ಕಾಟ ತಪ್ಪಿಸಲು ಕೆಲವು ಪಿಯಾನೊಗಳಲ್ಲಿ ಸೈಲೆಂಟ್ ವ್ಯವಸ್ಥೆ ಇರುತ್ತದೆ: ಒಂದು ಅಡ್ಡಪಟ್ಟಿ ಹ್ಯಾಮರಿನ ಕಾಂಡವನ್ನು ತಂತಿಗೆ ಮುಂಚೆಯೇ ತಡೆಯುತ್ತದೆ, ನಾದ ಹೆಡ್‌ಫೋನಿನಲ್ಲಿ ಬರುತ್ತದೆ. ಅದಿದ್ದರೆ ರಾತ್ರಿ ಅದನ್ನೇ ಬಳಸಿ.

ಪ್ರಶ್ನೆ: ನ್ಯೂಜೆರ್ಸಿಯಿಂದ ಬೆಂಗಳೂರಿಗೆ ವಾಪಸಾಗುತ್ತಿದ್ದೇವೆ. 1990ರ ದಶಕದ, ಫ್ಲಾಪಿ ಡಿಸ್ಕ್ ಹಾಕುವ ಪಿಯಾನೊ ತರಬಹುದೇ?

ತರಬಹುದು, ವಿದ್ಯುತ್ತಿನ ವಿಷಯ ಮೊದಲು ನೋಡಿ. ಕಂಟ್ರೋಲ್ ಪೆಟ್ಟಿಗೆಯ ಹಿಂದಿನ ಫಲಕದಲ್ಲಿ 120 ವೋಲ್ಟ್ ಎಂದಷ್ಟೇ ಇದ್ದರೆ 230ನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಫಲಕದಲ್ಲಿ ಬರೆದ ವ್ಯಾಟ್‌ಗಿಂತ ದುಪ್ಪಟ್ಟು ಸಾಮರ್ಥ್ಯದ್ದನ್ನೇ ಕೊಳ್ಳಿ: ಹತ್ತು ಸ್ವರ ಒಟ್ಟಿಗೆ ಜೋರಾಗಿ ಬಿದ್ದಾಗ ಸೆಳೆತ ಥಟ್ಟನೆ ಏರುತ್ತದೆ, ಸಣ್ಣದಾದರೆ ವೋಲ್ಟೇಜ್ ಕುಸಿದು ಸ್ವರ ಸೊರಗುತ್ತದೆ. ಅರ್ಥಿಂಗ್ ಸರಿಯಿರಲಿ. ಹಲವರು ಮರೆಯುವುದು ಇನ್ನೊಂದು. ಅಮೆರಿಕದಲ್ಲಿ ಪಿಯಾನೊದ ಹೊಟ್ಟೆಯಡಿ ತೇವ ನಿಯಂತ್ರಣದ ಬಿಸಿಕಡ್ಡಿ ಹಾಕಿಸಿರುತ್ತಾರೆ. ಅದರ ಪ್ಲಗ್ ಬೇರೆ, ಅದೂ 120 ವೋಲ್ಟಿನದು. ನೇರ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ.

ಫ್ಲಾಪಿಗಳನ್ನು ಅಲ್ಲಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆ ಕಾಲದ ಡ್ರೈವ್‌ಗಳು ಸಾಮಾನ್ಯವಾಗಿ 720 ಕಿಲೋಬೈಟಿನವು. ಕಡತಗಳು ಕೆಲವೊಮ್ಮೆ ಇ-ಸೀಕ್ವೆನ್ಸ್ ಎಂಬ ಯಮಾಹಾದ ಸ್ವಂತ ರೂಪದಲ್ಲಿರುತ್ತವೆ, ಅವನ್ನು ಮಿಡಿಗೆ ಪರಿವರ್ತಿಸುವ ಸಾಫ್ಟ್‌ವೇರ್ ಸಿಗುತ್ತದೆ. ಫ್ಲಾಪಿ ಡ್ರೈವ್ ಜಾಗದಲ್ಲೇ ಕೂರುವ ಯುಎಸ್‌ಬಿ ಎಮ್ಯುಲೇಟರ್ ಹಾಕಿಸಿದರೆ ಮುಂದೆ ಡಿಸ್ಕ್ ಹುಡುಕುವ ಗೋಳಿಲ್ಲ. ಬೆಂಗಳೂರಿಗೆ ಬಂದ ಮೇಲೆ ಕೆಲವು ವಾರ ಸುಮ್ಮನೆ ಬಿಟ್ಟು ಆಮೇಲೆ ಶ್ರುತಿ ಮಾಡಿಸಿ.

ಪ್ರಶ್ನೆ: ತೀರಿಕೊಂಡ ವಾದಕರ ಹಳೆಯ ರೆಕಾರ್ಡ್‌ಗಳನ್ನು ಈ ಪಿಯಾನೊಗಳು ನುಡಿಯುತ್ತವಂತೆ. ನಿಜವೇ? (ಮೈಸೂರು)

ನಿಜ, ಆದರೆ ರೆಕಾರ್ಡ್ ಹಾಕಿದ ಕೂಡಲೇ ಆಗುವುದಲ್ಲ. ಧ್ವನಿಯನ್ನು ವಿಶ್ಲೇಷಿಸಿ ಪ್ರತಿ ಸ್ವರದ ಆರಂಭ, ಬಲ, ಬಿಟ್ಟ ಕ್ಷಣ, ಪೆಡಲಿನ ಸ್ಥಾನ ಇವನ್ನು ಲೆಕ್ಕ ಹಾಕಬೇಕು. ಝೆನ್ಫ್ ಎಂಬ ಅಮೆರಿಕದ ಸಂಸ್ಥೆ ಗ್ಲೆನ್ ಗೂಲ್ಡ್ 1955ರಲ್ಲಿ ನುಡಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು ಹೀಗೆ ಬಿಡಿಸಿ, ಡಿಸ್ಕ್‌ಲವಿಯರ್ ಮೇಲೆ ಮತ್ತೆ ನುಡಿಸಿ, 2007ರಲ್ಲಿ ಅದರ ಹೊಸ ಧ್ವನಿಮುದ್ರಣ ಬಂತು. ಸ್ಪಿರಿಯೊದ ಭಂಡಾರದಲ್ಲಿ ಹೊರೊವಿಟ್ಸ್, ರುಬಿನ್‌ಸ್ಟೈನ್ ಅವರದ್ದೂ ಇವೆ. ಪೆಡಲಿನ ಲೆಕ್ಕವೇ ಇದರಲ್ಲಿ ಅತಿ ಕಷ್ಟ. ಕೀ ಬಿಟ್ಟ ಮೇಲೂ ನಾದ ಉಳಿದಿದ್ದರೆ ಅದು ಪೆಡಲಿನದೋ ಕೋಣೆಯದೋ ಎಂದು ಹಳೆಯ ರೆಕಾರ್ಡ್ ಹೇಳುವುದಿಲ್ಲ.

ಮೈಸೂರಿನವರು ಕೇಳಿದ್ದರಿಂದ ನೆನಪಿಸಬೇಕು: ಜಯಚಾಮರಾಜೇಂದ್ರ ಒಡೆಯರು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟು, ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಎಚ್‌ಎಂವಿ ತಟ್ಟೆಗಳಲ್ಲಿ ಉಳಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. ಆ ತಟ್ಟೆಗಳಲ್ಲಿ ಪಿಯಾನೊ ಒಂದೇ ಇರುವ ಭಾಗಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂಥವು. ವಾದ್ಯವೃಂದ ಜೊತೆಗಿದ್ದರೆ ಸ್ವರಗಳನ್ನು ಬೇರ್ಪಡಿಸುವುದು ಬಹಳ ಕಷ್ಟ.

ಪ್ರಶ್ನೆ: ನುಡಿಸಿ, ಧ್ವನಿಮುದ್ರಿಸಿ, ತಪ್ಪು ತಿದ್ದಬೇಕು. ಯಾವ ಮಾದರಿ? (ಹುಬ್ಬಳ್ಳಿ)

ಹೆಸರಿನ ಬಾಲ ನೋಡಿ ಕೊಳ್ಳಿ. ಬರೀ ಸ್ಪಿರಿಯೊ ನುಡಿಯುತ್ತದೆ, ದಾಖಲಿಸುವುದಿಲ್ಲ. 2019ರಲ್ಲಿ ಬಂದ ಸ್ಪಿರಿಯೊ ಆರ್ ಎರಡನ್ನೂ ಮಾಡುತ್ತದೆ. ಡಿಸ್ಕ್‌ಲವಿಯರ್ ಎನ್‌ಸ್ಪೈರ್‌ನಲ್ಲಿ ಸಿಎಲ್ ಮಾದರಿ ನುಡಿಯುವುದಷ್ಟೆ, ಎಸ್‌ಟಿ ಮತ್ತು ಪ್ರೊ ದಾಖಲಿಸುತ್ತವೆ. ತಿದ್ದಲು ಕಡತವನ್ನು ಸಾಮಾನ್ಯ ಮಿಡಿಯಾಗಿ ಕಂಪ್ಯೂಟರಿಗೆ ಒಯ್ದರೆ ಬಲದ ಸೂಕ್ಷ್ಮ ಮೆಟ್ಟಿಲುಗಳು 127ಕ್ಕೆ ಇಳಿಯಬಹುದು. ಮೂಲ ಕಡತವನ್ನು ಅಳಿಸಬೇಡಿ.

ಅಂಗಡಿಯಲ್ಲಿ ಅವರು ಹಾಕುವ ಅಬ್ಬರದ ಕೃತಿಗೆ ಮರುಳಾಗಬೇಡಿ. ನೀವೇ ಕೂತು, ಸ್ವರ ಕೇಳಿಯೂ ಕೇಳದಷ್ಟು ಮೆಲ್ಲಗೆ, ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ಒಂದೊಂದೇ ಕೀ ನುಡಿಸಿ ದಾಖಲಿಸಿ. ಆಮೇಲೆ ಒಂದೇ ಕೀಯನ್ನು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಹದಿನಾರು ಸಲ. ಕೊನೆಗೆ ಒಂದು ಮೇಳ ಹಿಡಿದು ಪೆಡಲನ್ನು ತೀರ ನಿಧಾನ ಬಿಡಿ. ಮರುನುಡಿಸಿ ಕೇಳಿ: ಎಷ್ಟು ಸ್ವರ ಬಿಟ್ಟುಹೋದವು, ಹದಿನಾರು ಹದಿನಾರೇ ಇವೆಯೇ, ನಾದ ಮೆಲ್ಲನೆ ಕರಗಿತೋ ಕತ್ತರಿಸಿದಂತೆ ನಿಂತಿತೋ. ಅರ್ಧ ಗಂಟೆ ಜೋರಾದ ಸಂಗೀತ ಓಡಿಸಿ, ಯಂತ್ರ ಬಿಸಿಯಾದ ಮೇಲೆ ಮೊದಲಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಪ್ರಶ್ನೆ: ಇಂಥ ಪಿಯಾನೊದಲ್ಲಿ ನಮ್ಮ ರಾಗಗಳ ಗಮಕ ಬರುತ್ತದೆಯೇ? (ಬೆಳಗಾವಿ)

ಇಲ್ಲ. ಬಡಿದ ಮೇಲೆ ತಂತಿಯ ಶ್ರುತಿಯನ್ನು ಎಳೆಯುವ ಉಪಾಯ ಪಿಯಾನೊದಲ್ಲಿಲ್ಲ, ಒತ್ತುವುದು ಬೆರಳೇ ಆಗಲಿ ಸೊಲೆನಾಯ್ಡೇ ಆಗಲಿ.